ತೆರಿಗೆ ಉಳಿಸೋಕೆ ಗೃಹಸಾಲ ಇಟ್ಟುಕೊಳ್ಳಬೇಕಾ?

"ಕೈಯಲ್ಲಿ ದುಡ್ಡಿದ್ದರೂ ಗೃಹಸಾಲ ತೀರಿಸಬೇಡಿ, ತೆರಿಗೆ ಉಳಿಯುತ್ತದೆ" ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕ ತಪ್ಪು.

ಹಳೇ ತೆರಿಗೆ ಪದ್ಧತಿಯಲ್ಲಿ ನಾವೇ ವಾಸವಿರುವ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ವಿನಾಯಿತಿ ಇದೆ, ನಿಜ. ಅಂದರೆ ಅಷ್ಟು ಬಡ್ಡಿಯನ್ನು ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು, ತೆರಿಗೆಯಿಂದಲೇ ಅಲ್ಲ. ಶೇ. 30ರ ಸ್ಲ್ಯಾಬಿನಲ್ಲಿ (ಅತಿ ಹೆಚ್ಚಿನ ತೆರಿಗೆ ದರದಲ್ಲಿ) ಇರುವವರಿಗೂ 100 ರೂಪಾಯಿ ಬಡ್ಡಿಗೆ ಉಳಿಯುವುದು ಸೆಸ್ (ತೆರಿಗೆಯ ಮೇಲಿನ ಉಪಕರ) ಸೇರಿ ಸುಮಾರು 31 ರೂಪಾಯಿ. ಮಿಕ್ಕ 69 ನಮ್ಮ ಜೇಬಿನಿಂದಲೇ ಹೋಯಿತು, ಅಲ್ವಾ? ಹೊಸ ಪದ್ಧತಿಯಲ್ಲಂತೂ ಇಂಥ ಮನೆಗೆ ಈ ವಿನಾಯಿತಿಯೇ ಇಲ್ಲ.

ಬ್ಯಾಂಕಿನಲ್ಲಿ ಕಂತಿನ ಪಟ್ಟಿ ಕೇಳಿ ತೆಗೆದುಕೊಳ್ಳಿ; ಪ್ರತಿ ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂದು ಅದರಲ್ಲಿರುತ್ತದೆ. 30 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಎಂದರೆ ಕಂತು ಸುಮಾರು 26,035 ರೂಪಾಯಿ. ಮೊದಲ ತಿಂಗಳು ಅದರಲ್ಲಿ 21,250 ಬರೀ ಬಡ್ಡಿ! ಆಮೇಲೆ ಆದಾಯ ತೆರಿಗೆ ಇಲಾಖೆಯ ಜಾಲತಾಣದ ಕ್ಯಾಲ್ಕುಲೇಟರ್‌ನಲ್ಲಿ ಬಡ್ಡಿ ಹಾಕಿ ಒಮ್ಮೆ, ಹಾಕದೆ ಒಮ್ಮೆ ನೋಡಿ. ಉಳಿಯುವ ತೆರಿಗೆ ಎಷ್ಟೆಂದು ಗೊತ್ತಾಗುತ್ತದೆ.

ಫ್ಲೋಟಿಂಗ್ ದರದ (ಬಡ್ಡಿ ದರ ಆಗಾಗ ಬದಲಾಗುವ) ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ, ಇದು ಆರ್‌ಬಿಐ ನಿಯಮ. ಹಾಗಂತ ಇರೋದನ್ನೆಲ್ಲ ಸಾಲಕ್ಕೆ ಸುರಿಯಬೇಡಿ. ನಲವತ್ತೈದು ದಾಟಿದ ಮೇಲೆ ಆಸ್ಪತ್ರೆಗೆ, ಮಕ್ಕಳ ಕಾಲೇಜು ಫೀಸಿಗೆ ಕೈಯಲ್ಲಿ ಸ್ವಲ್ಪ ಹಣ ಇರಲೇಬೇಕು.