ವ್ಯಾಯಾಮ ಮಾಡಿ, ಮಾತ್ರೆ ಬಿಡಬೇಡಿ

ಕಾರವಾರದ ಹೆಂಗಸರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಭಾರ ಎತ್ತುವ ವ್ಯಾಯಾಮ ಮಾಡಿದರೆ ಖಿನ್ನತೆ ಪೂರ್ತಿ ಹೋಗುತ್ತದೆ, ಮಾತ್ರೆ ನಿಲ್ಲಿಸಿ ಅಂತ. ಅರ್ಧ ಮಾತ್ರ ನಿಜ. 33 ಪ್ರಯೋಗಗಳ, ಒಟ್ಟು 1,877 ಜನರ ಮಾಹಿತಿಯನ್ನು 2018ರಲ್ಲಿ ಒಟ್ಟಿಗೆ ನೋಡಿದಾಗ ಇಂಥ ವ್ಯಾಯಾಮದಿಂದ ಖಿನ್ನತೆಯ ಲಕ್ಷಣ ಕಡಿಮೆಯಾಗಿದ್ದು ಕಂಡಿತು, ಮೈಬಲ ಅಷ್ಟೇನೂ ಹೆಚ್ಚದಿದ್ದಾಗಲೂ. ಆದರೆ ಕಡಿಮೆಯಾಗೋದು ಬೇರೆ, ವಾಸಿಯಾಗೋದು ಬೇರೆ ಅಲ್ವಾ? ಮಾತ್ರೆ ಸುಮ್ನೆ ಥಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ, ನಿದ್ದೆಗೇಡು ಬರಬಹುದು. ಡಾಕ್ಟರನ್ನು ಕೇಳದೆ ದಯವಿಟ್ಟು ಬಿಡಬೇಡಿ.

ದಿನಾ ಮೀನಿನ ಬುಟ್ಟಿ ಹೊರುವ ಅಕ್ಕಂದಿರೇ, ಆ ದಣಿವು ಬೇರೆ. ವ್ಯಾಯಾಮದಲ್ಲಿ ಎಷ್ಟು ಎತ್ತಬೇಕು, ಯಾವಾಗ ನಿಲ್ಲಿಸಬೇಕು ಅನ್ನೋದು ನಿಮ್ಮ ಕೈಯಲ್ಲೇ ಇರುತ್ತದೆ. ವಾರಕ್ಕೆ 2 ದಿನದಿಂದ ಶುರು ಮಾಡಿ. ಜಿಮ್ಮೇ ಬೇಕಿಲ್ಲ, ಕೈ ಊರದೆ ಕುರ್ಚಿಯಿಂದ ಎದ್ದು ಕೂತರೂ ಆಯ್ತು. ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.