ಚಹಾ ಕೊಟ್ಟು ಕಥೆ ಬರೆದುಕೊಂಡರೇ? ಸತ್ಯಾಂಶ ಇಲ್ಲಿದೆ

ಚೀನಾದ ದೆವ್ವ, ಮಾಯಾನರಿಗಳ ಕಥೆಗಳ ದೊಡ್ಡ ಸಂಕಲನ ‘ಲಿಯಾವ್‌ಜಾಯ್ ಝಿಯಿ’. ಅದರ ಲೇಖಕ ಪು ಸಾಂಗ್‌ಲಿಂಗ್ (1640–1715) ದಾರಿಬದಿಯಲ್ಲಿ ಕೂತು, ಹೋಗಿಬರುವವರಿಗೆ ಚಹಾ, ತಂಬಾಕು ಕೊಟ್ಟು, ಅವರು ಹೇಳಿದ ಕಥೆಗಳನ್ನೇ ಬರೆದುಕೊಂಡರು ಎಂಬ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿರುತ್ತದೆ. ಕೇಳಲು ಸೊಗಸಾಗಿದೆ, ಹಂಚಿಕೊಂಡವರನ್ನು ದೂರುವಂತಿಲ್ಲ. ಆದರೆ ಈ ಪ್ರಸಂಗ ಸಿಗುವುದು ಲೇಖಕರು ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷಗಳ ನಂತರದ ಬರಹದಲ್ಲಿ. ಚೀನೀ ಕಥಾಸಾಹಿತ್ಯದ ಚರಿತ್ರೆ ಬರೆದ ಲು ಶುನ್ ಕೂಡ ಇದನ್ನು ನಂಬಲಿಲ್ಲ.

ಪು ಅವರೇ 1679ರ ಮುನ್ನುಡಿಯಲ್ಲಿ ಬೇರೆ ಮಾತು ಹೇಳುತ್ತಾರೆ: ಕೇಳಿದ್ದನ್ನು ಬರೆದಿಡುತ್ತಿದ್ದರು, ನಾಲ್ಕೂ ದಿಕ್ಕಿನ ಗೆಳೆಯರು ಕಥೆಗಳನ್ನು ಕಳಿಸಿಕೊಡುತ್ತಿದ್ದರು. ಹೊಟ್ಟೆಪಾಡಿಗೆ ಶಾನ್‌ಡಾಂಗ್‌ನ ಶ್ರೀಮಂತ ಮನೆತನವೊಂದರಲ್ಲಿ ದಶಕಗಟ್ಟಲೆ ಮನೆಪಾಠ ಹೇಳಿದವರು ಅವರು. ಹಳೆಯ ಪುಸ್ತಕಗಳಿಂದಲೂ ಕಥೆ ಎತ್ತಿಕೊಂಡರು. ಅಧಿಕಾರದ ಆಸೆಬುರುಕನೊಬ್ಬ ನಿದ್ದೆಹೋಗಿ, ಕನಸಿನಲ್ಲೇ ಮಂತ್ರಿಯಾಗಿ ಮೆರೆದು, ಸತ್ತು, ನರಕದಲ್ಲಿ ಬೇಯುವ ಕಥೆಯೊಂದು ಈ ಸಂಕಲನದಲ್ಲಿದೆ, ಅದರ ಬೇರು ಎಷ್ಟೋ ಹಿಂದಿನ ತಾಂಗ್ ರಾಜವಂಶದ ಕಾಲದ ಕಥೆಯಲ್ಲಿದೆ. ನರಕದ ಭಾಗ ಪು ಸೇರಿಸಿದ್ದು. ಬರೀ ಕೇಳಿ ಬರೆದುಕೊಂಡರು ಎಂದುಬಿಟ್ಟರೆ ಈ ಕಸುಬುಗಾರಿಕೆಗೇ ಅನ್ಯಾಯ.

ಇಂಥ ಸಂದೇಶ ಬಂದಾಗ ಎರಡು ಪ್ರಶ್ನೆ ಸಾಕು: ಇದನ್ನು ಮೊದಲು ಬರೆದವರು ಯಾರು, ಯಾವಾಗ? ಲೇಖಕರೇ ಏನು ಹೇಳಿದ್ದಾರೆ? ಹರ್ಬರ್ಟ್ ಜೈಲ್ಸ್ 1880ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ ಆ ಮುನ್ನುಡಿಯೂ ಇದೆ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಜೈಲ್ಸ್ ಸುಮಾರು ಐನೂರು ಕಥೆಗಳಲ್ಲಿ 164ನ್ನಷ್ಟೇ ಆರಿಸಿ, ಶೃಂಗಾರದ ಭಾಗಗಳನ್ನು ತಿದ್ದಿದ್ದಾರೆ. ಹಾಗಾಗಿ ಕಥೆಗಳಿಗೆ ಈಚಿನ ಅನುವಾದಗಳನ್ನೂ ಜೊತೆಗಿಟ್ಟುಕೊಳ್ಳಿ.