ಆಫ್‌ರೋಡ್ ಎಸ್‌ಯುವಿಯಲ್ಲಿ ಡ್ರಿಫ್ಟ್? ಟಾರಿನ ಮೇಲಂತೂ ಬೇಡ

ಎತ್ತರದ ಫೋರ್ ಬೈ ಫೋರ್ ಗಾಡಿ ಟಾರು ರಸ್ತೆಯಲ್ಲಿ ಹೊಗೆ ಎಬ್ಬಿಸಿಕೊಂಡು ಅಡ್ಡಡ್ಡ ಜಾರುವ ರೀಲ್ಸ್ ಈಗ ದಿನಾ ಕಣ್ಣಿಗೆ ಬೀಳುತ್ತಿವೆ. ನೋಡಿದವರದ್ದೆಲ್ಲ ಒಂದೇ ಪ್ರಶ್ನೆ: "ನನ್ನ ಗಾಡೀಲೂ ಆಗುತ್ತಾ?" ಹಿಂದಿನ ಚಕ್ರಕ್ಕೆ ಪವರ್ ಹೋಗುವ ಯಾವ ಗಾಡಿಯನ್ನಾದರೂ ಒಮ್ಮೆ ಜಾರಿಸಬಹುದು. ಅದೇನು ದೊಡ್ಡ ವಿಷಯ ಅಲ್ಲ. ಜಾರಿದ ಗಾಡಿಯನ್ನು ಅದೇ ಕೋನದಲ್ಲಿ ಹಿಡಿದಿಟ್ಟು, ತಿರುವು ಮುಗಿಸಿ, ಮತ್ತೆ ನೇರ ಮಾಡಿಕೊಂಡು ಬಂದರೆ ಅದು ಡ್ರಿಫ್ಟ್. ಆ ಕೆಲಸಕ್ಕೆ ಆಫ್‌ರೋಡ್ ಎಸ್‌ಯುವಿ ಸರಿಯಾದ ಗಾಡಿ ಅಲ್ಲವೇ ಅಲ್ಲ. ಈ ಗಾಡಿಗಳೆಂದರೆ ನನಗೆ ಪ್ರಾಣ, ಅದಕ್ಕೇ ಕೂತು ಇಷ್ಟು ಬರೆಯುತ್ತಿದ್ದೇನೆ.

ಡ್ರಿಫ್ಟ್ ಎಂದಾಕ್ಷಣ ನೆನಪಾಗುವುದು ಟೊಯೋಟಾ ಎಇ86. ಜಪಾನಿನ ರೇಸ್ ಚಾಲಕ ಕೇಯಿಚಿ ತ್ಸುಚಿಯಾ ಅಲ್ಲಿನ ಘಟ್ಟದ ರಸ್ತೆಗಳಲ್ಲಿ ಓಡಿಸಿ ಹೆಸರು ಮಾಡಿದ ಕಾರು. ಅಗಲ 1,625 ಮಿ.ಮೀ., ಎತ್ತರ 1,335 ಮಿ.ಮೀ., ತೂಕ ಸುಮಾರು 950 ಕೆ.ಜಿ. ಈಗ ಸುಜುಕಿಯ ಆಫ್‌ರೋಡ್ ಎಸ್‌ಯುವಿ, ಐದು ಬಾಗಿಲಿನ ಜಿಮ್ನಿ ನೋಡಿ. ಅಗಲ 1,645, ಎತ್ತರ 1,720. ಅಗಲದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಎತ್ತರದಲ್ಲಿ ಮಾತ್ರ 385 ಮಿ.ಮೀ. ವ್ಯತ್ಯಾಸ! ಕಲ್ಲು, ಹಳ್ಳ ದಾಟಲು ಬೇಕೇಬೇಕಾದ ಆ ಎತ್ತರವೇ ಅಡ್ಡ ಜಾರುವಾಗ ಮುಳುವಾಗುತ್ತದೆ.

ಇದಕ್ಕೆ ಒಂದು ಸರಳ ಲೆಕ್ಕ ಇದೆ. ಎಡ ಮತ್ತು ಬಲ ಚಕ್ರಗಳ ನಡುವಿನ ಅಂತರವನ್ನು ಗಾಡಿಯ ಗುರುತ್ವ ಕೇಂದ್ರದ ಎತ್ತರದ ಎರಡು ಪಟ್ಟಿನಿಂದ ಭಾಗಿಸಬೇಕು. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ಗಾಡಿಗಳ ಪಲ್ಟಿ ಅಪಾಯ ಅಳೆಯುವಾಗ ಬಳಸುವುದು ಇದೇ ಲೆಕ್ಕವನ್ನು. ಸಾಮಾನ್ಯ ಕಾರುಗಳಿಗೆ ಉತ್ತರ 1.3ರಿಂದ 1.5ರ ಆಸುಪಾಸು ಬರುತ್ತದೆ. ಎಸ್‌ಯುವಿಗಳಿಗೆ 1.0ರಿಂದ 1.3. ಗಾಡಿ ಪಲ್ಟಿಯಾಗಲು ಪಕ್ಕಕ್ಕೆ ಎಷ್ಟು ಜಿ ಬಲ (ಒಂದು ಜಿ ಅಂದರೆ ಗಾಡಿಯ ತೂಕದಷ್ಟೇ ಬಲ) ಬೇಕು ಅನ್ನುವುದನ್ನು ಈ ಸಂಖ್ಯೆ ಅಂದಾಜಾಗಿ ಹೇಳುತ್ತದೆ. ಸಸ್ಪೆನ್ಷನ್ ವಾಲುತ್ತದೆ, ಟೈರು ಬಾಗುತ್ತದೆ, ಹಾಗಾಗಿ ನಿಜವಾದ ಮಿತಿ ಇನ್ನೂ ಕಡಿಮೆ. ಒಣ ಟಾರಿನ ಮೇಲೆ ಮಾಮೂಲಿ ಟೈರು ಸುಮಾರು 0.8 ಜಿ ತನಕ ಹಿಡಿತ ಕೊಡುತ್ತದೆ. ಕಾರಿನಲ್ಲಿ ಪಲ್ಟಿಯ ಮಿತಿ ಮುಟ್ಟುವ ಎಷ್ಟೋ ಮೊದಲೇ ಟೈರು ಜಾರಿಬಿಡುತ್ತದೆ, ಗಾಡಿ ಉಳಿಯುತ್ತದೆ. ಎತ್ತರದ ಎಸ್‌ಯುವಿಯಲ್ಲಿ ಜಾರುವುದಕ್ಕೂ ಮಗುಚುವುದಕ್ಕೂ ನಡುವೆ ಇರುವ ಜಾಗ ತೀರಾ ಸಣ್ಣದು. ಅದಕ್ಕೆ ಗಾಡಿಯನ್ನು ಇನ್ನಷ್ಟು ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿ, ತಲೆ ಮೇಲೆ ರೂಫ್ ರ‍್ಯಾಕ್ ಕೂರಿಸಿ, ಮೇಲೊಂದು ಸ್ಟೆಪ್ನಿ ಕಟ್ಟಿದರೆ ಇದ್ದ ಜಾಗವೂ ಹೋಯಿತು.

ಸರಿ, ಜಾರುತ್ತಿರುವವರೆಗೆ ಏನೂ ಆಗಲ್ಲ ಅಲ್ವಾ ಅಂತ ಕೇಳಬಹುದು. ಜಾರುವುದು ಥಟ್ಟನೆ ನಿಂತರೆ? ಅಪಾಯ ಇರುವುದೇ ಅಲ್ಲಿ. ಒಂಟಿ ಗಾಡಿ ಪಲ್ಟಿಯಾದ ಅಪಘಾತಗಳಲ್ಲಿ 95% ಎಡವಿ ಬಿದ್ದವೇ ಎನ್ನುತ್ತದೆ ಅದೇ ಎನ್‌ಎಚ್‌ಟಿಎಸ್‌ಎ. ಅಡ್ಡ ಜಾರುತ್ತಿದ್ದ ಚಕ್ರ ರಸ್ತೆ ಅಂಚಿನ ಕಲ್ಲಿಗೋ, ಗುಂಡಿಗೋ, ಪಕ್ಕದ ಮೆತ್ತನೆ ಮಣ್ಣಿಗೋ ಸಿಕ್ಕಿಕೊಳ್ಳುತ್ತದೆ. ಕೆಳಗಿನ ಭಾಗ ನಿಂತಿತು, ಮೇಲಿನ ಭಾಗ ಅದೇ ವೇಗದಲ್ಲಿ ಮುಂದೆ ಹೊರಟಿತು. ಆಗ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಉಪಯೋಗ ಇಲ್ಲ. ಡ್ರಿಫ್ಟ್ ಮಾಡುವವನು ಬೇಕೆಂದೇ ಗಾಡಿಯನ್ನು ಆ ಸ್ಥಿತಿಗೆ ತರುತ್ತಾನೆ. ಬಲಕ್ಕೊಮ್ಮೆ ಎಡಕ್ಕೊಮ್ಮೆ ಎಳೆದು ಬಾಲ ಬೀಸುವಾಗಂತೂ ಮೈಭಾರವೆಲ್ಲ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ರಪ್ಪನೆ ಬಂದು ಬೀಳುತ್ತದೆ. 1997ರಲ್ಲಿ ಸ್ವೀಡನ್ನಿನ ಒಂದು ಪತ್ರಿಕೆಯ ಪರೀಕ್ಷೆಯಲ್ಲಿ ಮರ್ಸಿಡಿಸ್ ಎ-ಕ್ಲಾಸ್ ಪಲ್ಟಿಯಾಗಿದ್ದು ಇಂಥದ್ದೇ ಎಡ-ಬಲ ತಿರುವಿನಲ್ಲಿ, ಗಂಟೆಗೆ 60 ಕಿ.ಮೀ. ಆಸುಪಾಸಿನಲ್ಲಿ. ಅದು ಎಸ್‌ಯುವಿ ಕೂಡ ಅಲ್ಲ, ಸ್ವಲ್ಪ ಎತ್ತರದ ಪುಟ್ಟ ಕಾರು. ಆಮೇಲೆ ಆ ಕಾರಿನ ಎಲ್ಲಾ ಮಾದರಿಗಳಿಗೂ ಕಂಪನಿಯೇ ಇಎಸ್‌ಪಿ, ಅಂದರೆ ಗಾಡಿ ಹಿಡಿತ ತಪ್ಪದಂತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಹಾಕಿಕೊಟ್ಟಿತು. ನಮ್ಮವರು ರೀಲ್ಸ್‌ಗೋಸ್ಕರ ಮೊದಲು ಆಫ್ ಮಾಡುವುದೇ ಅದನ್ನ!

ಟೈರಿನ ಕಥೆ ಬೇರೆಯೇ ಇದೆ. ಟ್ರ್ಯಾಕ್‌ಗೆ ಹೋಗುವವರು ಟೈರಿನ ಅಂಚಿನಿಂದ ರಿಮ್ಮಿನ ಕಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ. ಗೆರೆ ಎಲ್ಲಿವರೆಗೆ ಅಳಿಸಿದೆಯೋ ಅಲ್ಲಿವರೆಗೆ ಟೈರು ಮಡಚಿಕೊಂಡು ನೆಲಕ್ಕೆ ಉಜ್ಜಿದೆ ಎಂದರ್ಥ. ದಪ್ಪ ಸೈಡ್‌ವಾಲ್ ಇರುವ ಆಫ್‌ರೋಡ್ ಟೈರಿನಲ್ಲಿ, ಅದರಲ್ಲೂ ಗಾಳಿ ಕಡಿಮೆ ಇದ್ದರೆ, ಆ ಗೆರೆ ತುಂಬಾ ಕೆಳಗಿನವರೆಗೆ ಮಾಯವಾಗಿರುತ್ತದೆ. ಕೆಸರು ಕಿತ್ತೆಸೆಯಲು ಮಾಡಿದ ದೊಡ್ಡ ರಬ್ಬರ್ ಗಟ್ಟಿಗಳು ಟಾರಿನ ಮೇಲೆ ಅಲುಗಾಡಿ ಬಿಸಿಯಾಗುತ್ತವೆ, ಅಂಚುಗಳು ಹರಿದು ಚೂರು ಚೂರಾಗಿ ಏಳುತ್ತವೆ. ಕೈಯಾಡಿಸಿದರೆ ಗೊತ್ತಾಗುತ್ತದೆ.

ಇನ್ನು ಯಂತ್ರದ ವಿಷಯ. ಹಿಂದೆ ಗಟ್ಟಿ ಆ್ಯಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಬಿಗಿ ಅಚ್ಚು) ಇರುವುದೇ ತಪ್ಪು ಅನ್ನುವವರಿದ್ದಾರೆ. ಅದನ್ನು ನಾನು ಒಪ್ಪಲ್ಲ, ಎಇ86ರ ಹಿಂದೆಯೂ ಗಟ್ಟಿ ಆ್ಯಕ್ಸಲ್ಲೇ ಇತ್ತು. ನಿಜವಾದ ತೊಡಕು ಸ್ಟೀರಿಂಗ್‌ನದ್ದು. ಜಿಮ್ನಿ, ಜೀಪ್ ರಾಂಗ್ಲರ್‌ಗಳಲ್ಲಿ ಇರುವುದು ರಿಸರ್ಕ್ಯುಲೇಟಿಂಗ್ ಬಾಲ್ ಸ್ಟೀರಿಂಗ್. ಕಲ್ಲಿಗೆ ಚಕ್ರ ಬಡಿದರೆ ಕೈಗೆ ಏಟು ಬೀಳಬಾರದು ಅಂತ ಮಾಡಿದ್ದು. ಅದು ನಿಧಾನ. ಬಾಲ ಜಾರಿದಾಗ ಕ್ಷಣದಲ್ಲಿ ಎದುರು ದಿಕ್ಕಿಗೆ ತಿರುಗಿಸಬೇಕು, ಆ ವೇಗ ಇದರಲ್ಲಿ ಸಿಗಲ್ಲ. ನಾಲ್ಕೂ ಚಕ್ರಕ್ಕೆ ಪವರ್ ಕೊಡುವ ಫೋರ್ ಹೈ ಹಾಕಿದರೆ ಆಗುತ್ತಾ? ಅದೂ ಇಲ್ಲ. ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್‌ನಲ್ಲಿ ಮುಂದು ಹಿಂದು ಎರಡೂ ಆ್ಯಕ್ಸಲ್ ಬಿಗಿಯಾಗಿ ಕೂಡಿಕೊಳ್ಳುತ್ತವೆ. ಒಣ ಟಾರಿನ ಮೇಲೆ ಬಿಗಿ ತಿರುವಿನಲ್ಲಿ ಗಾಡಿ ಎಳೆದಾಡುತ್ತದೆ, ಒತ್ತಡವೆಲ್ಲ ಮುಂದು ಹಿಂದಕ್ಕೆ ಪವರ್ ಹಂಚುವ ಟ್ರಾನ್ಸ್‌ಫರ್ ಕೇಸ್, ಶಾಫ್ಟುಗಳ ಮೇಲೆ ಬೀಳುತ್ತದೆ.

ಹಾಗಂತ ಎಸ್‌ಯುವಿ ಜಾರಲೇಬಾರದು ಅಂತ ನಾನು ಹೇಳುತ್ತಿಲ್ಲ. ಅಗಲವಾದ, ಸಮತಟ್ಟಾದ ಸಡಿಲ ಜಲ್ಲಿ ಮೇಲೆ ಹಿಡಿತ ಕಡಿಮೆ, ಪಲ್ಟಿಯ ಮಿತಿ ದೂರ ಉಳಿಯುತ್ತದೆ. ಅಲ್ಲಿ ಕಡಿಮೆ ವೇಗದಲ್ಲಿ ಬಾಲ ಆಡಿಸುತ್ತಾ ಗಾಡಿಯ ಸ್ವಭಾವ ಕಲಿಯಬಹುದು. ಆಳವಾದ ಮರಳು ಮಾತ್ರ ನಂಬಬೇಡಿ. ಅಡ್ಡ ಜಾರುವ ಚಕ್ರ ಅದರಲ್ಲಿ ಹೂತುಕೊಂಡು ಎಡವುತ್ತದೆ. ಡಕಾರ್ ಮರುಭೂಮಿ ರ‍್ಯಾಲಿಯ ಗಾಡಿಗಳು ಮರಳಲ್ಲಿ ಹಾರಾಡುತ್ತವಲ್ಲ ಅಂದರೆ, 2022ರಿಂದ ಅಲ್ಲಿನ ಟಿ1 ಪ್ಲಸ್ ವರ್ಗದ ಗಾಡಿಗಳ ಅಗಲ 2.3 ಮೀಟರ್. ಒಳಗೆ ರೋಲ್ ಕೇಜ್, ಮೈಗೆ ರೇಸಿಂಗ್ ಬೆಲ್ಟ್, ತಲೆಗೆ ಹೆಲ್ಮೆಟ್. ಶೋರೂಮಿನಿಂದ ಹೊರಬಂದ ಗಾಡಿಯ ಜೊತೆ ಅದನ್ನು ಹೋಲಿಸಬೇಡಿ.

ನಿಜವಾಗಿ ಡ್ರಿಫ್ಟ್ ಕಲಿಯುವ ಆಸೆ ಇದ್ದರೆ ತಗ್ಗಾದ, ಹಗುರವಾದ ರಿಯರ್ ವೀಲ್ ಡ್ರೈವ್ ಕಾರು ಹುಡುಕಿ, ಹಿಂದೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಪವರ್ ಒಂದೇ ಚಕ್ರಕ್ಕೆ ಹೋಗಿ ವ್ಯರ್ಥವಾಗದಂತೆ ತಡೆಯುವ ಭಾಗ) ಇದ್ದರೆ ಇನ್ನೂ ಒಳ್ಳೆಯದು. ಮುಚ್ಚಿದ ಮೈದಾನ, ನೀರು ಹಾಕಿದ ನೆಲ, ಪಕ್ಕದಲ್ಲಿ ಬಲ್ಲವರೊಬ್ಬರು. ಒಂದೇ ಕೋನ್ ಸುತ್ತ ವೃತ್ತ ಹಾಕುವುದರಿಂದ ಶುರು ಮಾಡಿ. ಎಸ್‌ಯುವಿಯಲ್ಲಿ ಟೂಲ್ಸ್, ಸ್ಟೆಪ್ನಿ, ನೀರಿನ ಕ್ಯಾನು ತುಂಬಿಕೊಂಡು ಅಲ್ಲಿಗೆ ಹೋಗಿ.